ಭಾನುವಾರ ಸಂಜೆಯ ವಿಮಾನ ಯಾರ ಲೆಕ್ಕಕ್ಕೆ?

ಗೇಟ್‌ಬದಲು
ಒಂದು ಪ್ರಶ್ನೆ ಇದೆ, ಜೊತೆಗೆ ಒಂಚೂರು ಗೋಳೂ ಇದೆ. ಸಹಿಸ್ಕೊಳ್ಳಿ.

ಹನ್ನೊಂದು ವರ್ಷದಿಂದ ಸುತ್ತಾಟದ ಕೆಲಸ. ಗಿರಾಕಿಗಳ ಕಾರ್ಖಾನೆಗೆ ಹೋಗಿ ಯಂತ್ರ ಕೂರಿಸೋದು, ಚಾಲೂ ಮಾಡೋದು, ಅಲ್ಲಿಯವರಿಗೆ ಕಲಿಸಿ ವಾಪಸ್ ಬರೋದು. ತಿಂಗಳಿಗೆ ಎರಡು ಸಲ ಖಾಯಂ, ಮೂರಾದ್ರೂ ಆಶ್ಚರ್ಯ ಇಲ್ಲ. ಸೋಮವಾರ ಬೆಳಗ್ಗೆ 9ಕ್ಕೆ ಗಿರಾಕಿ ಬಾಗಿಲಲ್ಲಿ ಇರಬೇಕು ಅನ್ನೋದು ನಮ್ಮಲ್ಲಿ ವೇದವಾಕ್ಯ. ಹಾಗಾಗಿ ಭಾನುವಾರ ಊಟ ಅರ್ಧಕ್ಕೆ ಬಿಟ್ಟು ಹೊರಡ್ತೀನಿ. ಸೋಮವಾರ ಅವರ ಮೀಟಿಂಗ್ ರೂಮಲ್ಲಿ ಕೂತು ವೈಫೈ ಪಾಸ್‌ವರ್ಡ್‌ಗೆ ಕಾಯ್ತಿರ್ತೀನಿ. ಶುಕ್ರವಾರ ರಾತ್ರಿ ವಿಮಾನ ಹತ್ತಿದ್ರೆ ಮನೆ ಬಾಗಿಲು ತಟ್ಟೋದು ಶನಿವಾರ ಬೆಳಗಿನ ಜಾವ.

ಮೊನ್ನೆ ಹಳೇ ಬೋರ್ಡಿಂಗ್ ಪಾಸ್ ಮೇಲ್‌ಗಳನ್ನೆಲ್ಲ ತೆಗೆದು ಎಣಿಸಿದೆ. ಒಂದು ವರ್ಷದಲ್ಲಿ 23 ಭಾನುವಾರ ದಾರಿಯಲ್ಲೇ ಕಳೆದುಹೋಗಿವೆ. ಬದಲಿ ರಜೆ ಕೇಳಿದ್ದಕ್ಕೆ ನಮ್ಮ ಮೇಲಿನವರು ಹೇಳಿದ್ದು: "ವಿಮಾನದಲ್ಲಿ ಕೂತು ಸಿನಿಮಾ ನೋಡೋದಕ್ಕೂ ರಜೆ ಕೊಡಬೇಕಾ?"

ನಿಮ್ಮಲ್ಲಿ ಹೇಗೆ? ಪ್ರಯಾಣದ ಹೊತ್ತು ಕೆಲಸದ ಲೆಕ್ಕವೋ, ನಮ್ಮ ಸ್ವಂತ ಲೆಕ್ಕವೋ?

ಒಂದೇಬ್ಯಾಗು
ಬರೀ 23? ನಾನು 30 ದಾಟಿದ ಮೇಲೆ ಎಣಿಸೋದೇ ಬಿಟ್ಟೆ. ಎಣಿಸಿದ್ರೆ ಹೊಟ್ಟೆ ಉರಿಯುತ್ತೆ, ಅಷ್ಟೇ.

ಮಧ್ಯದಸೀಟು
ಸಿನಿಮಾ ಅಂತೆ ಸಿನಿಮಾ! ಮುಂದಿನ ಸೀಟಿನವರು ಹಿಂದಕ್ಕೆ ಒರಗಿದ್ರೆ ನನ್ನ ಲ್ಯಾಪ್‌ಟಾಪ್ ಅರ್ಧ ಮುಚ್ಚಿಹೋಗುತ್ತೆ, ಪರದೆ ಮೂಗಿಗೆ ತಾಗುತ್ತೆ. ಆ ಮೇಲಿನವರನ್ನ ಒಂದ್ಸಲ 34ನೇ ಸಾಲಲ್ಲಿ, ಟಾಯ್ಲೆಟ್ ಪಕ್ಕ ಕೂರಿಸಿ ನೋಡಿ.

ಷರಾ_ಬರೆಯುವವ
ಇದಕ್ಕೆ ಜಗತ್ತಿಗೆಲ್ಲ ಒಂದೇ ಉತ್ತರ ಇಲ್ಲ. ಅಮೆರಿಕದ ಕಾರ್ಮಿಕ ನಿಯಮ ನೋಡಿ, ತಮಾಷೆಯಾಗಿದೆ. ಗಂಟೆ ಲೆಕ್ಕದಲ್ಲಿ ಕೂಲಿ ಪಡೆಯೋ ನೌಕರ ರಾತ್ರಿ ಹೊರಗೆ ತಂಗೋ ಪ್ರಯಾಣ ಮಾಡಿದ್ರೆ, ಅವನ ಮಾಮೂಲಿ ಕೆಲಸದ ವೇಳೆಗೆ ಬೀಳೋ ಪ್ರಯಾಣವೆಲ್ಲ ಕೆಲಸವೇ, ಅದು ರಜೆ ದಿನ ಆದ್ರೂ ಸರಿ. 9ರಿಂದ 5 ದುಡಿಯೋನು ಭಾನುವಾರ ಮಧ್ಯಾಹ್ನ 2ರಿಂದ 5ರವರೆಗೆ ವಿಮಾನದಲ್ಲಿದ್ರೆ ಮೂರು ಗಂಟೆ ಲೆಕ್ಕಕ್ಕೆ ಬಂತು. ಅದೇ ವಿಮಾನ ಸಂಜೆ 7ಕ್ಕೆ ಹಾರಿದ್ರೆ, ಕೆಲಸ ಏನೂ ಮಾಡದೆ ಸುಮ್ಮನೆ ಪ್ರಯಾಣಿಕನಾಗಿ ಕೂತಿದ್ರೆ, ಸೊನ್ನೆ. ಈಗ ಹೇಳಿ, ಕಂಪನಿ ಯಾವ ವಿಮಾನಕ್ಕೆ ಟಿಕೆಟ್ ಮಾಡಿಸುತ್ತೆ?

ಐರೋಪ್ಯ ಒಕ್ಕೂಟದ ನ್ಯಾಯಾಲಯ 2015ರಲ್ಲಿ ಬೇರೆ ದಾರಿ ಹಿಡೀತು. ಖಾಯಂ ಕಚೇರಿ ಇಲ್ಲದ ನೌಕರರು ಮನೆಯಿಂದ ದಿನದ ಮೊದಲ ಗಿರಾಕಿವರೆಗೆ, ಕೊನೇ ಗಿರಾಕಿಯಿಂದ ಮನೆವರೆಗೆ ಓಡಾಡೋ ಹೊತ್ತು ಕೆಲಸದ ಸಮಯವೇ ಅಂತ. ಇದನ್ನ ಮುದ್ರಿಸಿ ನಿಮ್ಮ ಮೇಲಿನವರ ಟೇಬಲ್ ಮೇಲಿಡಿ.

ತಕ್ಕಡಿ
ಇಡಬೇಡಿ ಮಾರಾಯ್ರೆ. ಆ ತೀರ್ಪು ದುಡಿಮೆ ಮತ್ತು ವಿಶ್ರಾಂತಿಯ ಮಿತಿ ಬಗ್ಗೆ. ಆ ಹೊತ್ತಿಗೆ ಎಷ್ಟು ಸಂಬಳ ಅನ್ನೋದನ್ನ ಅದು ನಿಗದಿ ಮಾಡಲ್ಲ, ಅದನ್ನ ಆಯಾ ದೇಶದ ಕಾನೂನಿಗೆ, ಒಪ್ಪಂದಕ್ಕೆ ಬಿಟ್ಟಿದೆ. ಜನ ಇದನ್ನ ಅರ್ಧ ಓದ್ಕೊಂಡು ಎಚ್‌ಆರ್ ಹತ್ರ ಹೋಗಿ ಮಂಗಳಾರತಿ ಮಾಡಿಸ್ಕೊಂಡು ಬರ್ತಾರೆ.

ಷರಾ_ಬರೆಯುವವ
ಒಪ್ಪಿದೆ. ಮಂಗಳಾರತಿ ಆದವರಲ್ಲಿ ನಾನೂ ಒಬ್ಬ.

ಗೇಟ್‌ಬದಲು
ನಾನು ತಿಂಗಳ ಸಂಬಳದವನು. ನನ್ನ ಒಪ್ಪಂದದಲ್ಲಿ ಇರೋದು ಒಂದೇ ಸಾಲು: "ಕೆಲಸದ ಅಗತ್ಯಕ್ಕೆ ತಕ್ಕಂತೆ ಪ್ರಯಾಣ ಮಾಡತಕ್ಕದ್ದು." ಆ 'ತಕ್ಕದ್ದು' ಒಳಗೆ ನನ್ನ 23 ಭಾನುವಾರ ಮುಳುಗಿಹೋಗಿವೆ.

ಟಿಕೆಟ್‌ಮೇಜು
ನಾನು ಬೇಲಿಯ ಆಚೆ ಕಡೆಯವಳು. ಒಂದು ದೊಡ್ಡ ಸಂಸ್ಥೆಯಲ್ಲಿ ಟಿಕೆಟ್ ಮಾಡೋ ಡೆಸ್ಕ್‌ನಲ್ಲಿ ಕೂತಿರೋಳು. ಎಲ್ಲರ ಶಾಪ ನನಗೇ ತಟ್ಟೋದು, ಅದಕ್ಕೇ ಒಂದು ಮಾತು.

ನಾವು ಬೇಕಂತ ಭಾನುವಾರ ಹಾಕಲ್ಲ. ಸೋಮವಾರ ಬೆಳಗಿನ ಮೊದಲ ವಿಮಾನ ರದ್ದಾದ್ರೆ ಆ ದಿನವೇ ಹೋಯ್ತು, ಆಚೆ ನಾಲ್ಕು ಜನ ಕೈ ಕಟ್ಕೊಂಡು ಕಾಯ್ತಿರ್ತಾರೆ. ಭಾನುವಾರ ರಾತ್ರಿಯದ್ದು ತಪ್ಪಿದ್ರೆ ಬೆಳಗಿನದ್ದು ಇನ್ನೂ ಕೈಯಲ್ಲಿರುತ್ತೆ. ನಮಗೆ ಭಾನುವಾರ ಅಂದ್ರೆ ವಿಮೆ ಇದ್ದ ಹಾಗೆ. ಆ ವಿಮೆಯ ಕಂತು ಕಟ್ಟೋರು ನೀವು, ಅದು ನಿಜ. ಇನ್ನು ನಮ್ಮ ಸಾಫ್ಟ್‌ವೇರ್ ಇದೆಯಲ್ಲ, ಕಡಿಮೆ ದರದ ಟಿಕೆಟ್ ಬಿಟ್ಟು ಬೇರೆ ಒತ್ತಿದ್ರೆ "ಕಾರಣ ಆರಿಸಿ" ಅಂತ ಕೆಂಪು ಪಟ್ಟಿ ತೋರಿಸುತ್ತೆ. "ಮನೆಯಲ್ಲಿ ಊಟ ಮುಗಿಸಬೇಕು" ಅನ್ನೋ ಕಾರಣ ಆ ಪಟ್ಟಿಯಲ್ಲಿ ಇಲ್ಲ.

ಆದ್ರೆ ಒಂದು ಪ್ರಶ್ನೆ. ಸೋಮವಾರ 9 ಗಂಟೆ ಅಂತ ಹೇಳಿದ್ದು ಯಾರು? ಗಿರಾಕಿಯಾ, ನಿಮ್ಮವರಾ?

ಒಂದೇಬ್ಯಾಗು
ಕಡಿಮೆ ದರ ಅಂದ್ರಿ ನೋಡಿ, ನೆನಪಾಯ್ತು. ನಮ್ಮ ಡೆಸ್ಕ್‌ನವರು ಹಣ ಉಳಿಸೋಕೆ ಹೋಗಿ ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿಕೊಟ್ರು. ಮೊದಲ ವಿಮಾನ 70 ನಿಮಿಷ ತಡ. ಎರಡನೇ ವಿಮಾನ ನನ್ನ ಬಿಟ್ಟು ಹಾರಿತು. ಕೌಂಟರ್‌ನಲ್ಲಿ ಹೇಳಿದ್ದು, "ಸಾರ್, ನಮ್ಮ ಪ್ರಕಾರ ನೀವು ಬರಲೇ ಇಲ್ಲ." ಎದುರಿಗೇ ನಿಂತಿದ್ದೆ!

ಟಿಕೆಟ್‌ಮೇಜು
ಆ ಪಾಪ ನಾನೂ ಮಾಡಿದೀನಿ, ಒಂದೇ ಸಲ. ಒಂದೇ ಟಿಕೆಟ್ ಆದ್ರೆ ಮುಂದಿನ ವಿಮಾನಕ್ಕೆ ಹತ್ತಿಸೋದು ಅವರ ಹೊಣೆ, ಬ್ಯಾಗೂ ಸಾಮಾನ್ಯವಾಗಿ ಕೊನೇವರೆಗೆ ಹೋಗುತ್ತೆ. ಎರಡು ಟಿಕೆಟ್ ಆದ್ರೆ ಎರಡನೆಯವರಿಗೆ ನಿಮ್ಮ ಮೊದಲ ವಿಮಾನದ ಕಥೆಯೇ ಗೊತ್ತಿಲ್ಲ. ವಾಪಸ್ ಬರೋ ಟಿಕೆಟ್ ಕೂಡ ಅದರಲ್ಲೇ ಇದ್ರೆ ಅದನ್ನೂ ರದ್ದು ಮಾಡಿರ್ತಾರೆ. ಅವತ್ತಿಂದ ನಾನು ಕೆಂಪು ಪಟ್ಟಿ ಬಂದ್ರೂ ಒಂದೇ ಟಿಕೆಟ್ ಮಾಡೋದು.

ತಕ್ಕಡಿ
ತಡ ಅಂದಾಗ ಇನ್ನೊಂದು. ಐರೋಪ್ಯ ಒಕ್ಕೂಟದ 261/2004 ನಿಯಮದ ಕೆಳಗೆ ಬರೋ ವಿಮಾನ ಮೂರು ಗಂಟೆ ಅಥವಾ ಅದಕ್ಕಿಂತ ತಡವಾಗಿ ತಲುಪಿದ್ರೆ, ವಿಮಾನಯಾನ ಸಂಸ್ಥೆಯ ಕೈ ಮೀರಿದ ಅಸಾಧಾರಣ ಕಾರಣ ಇಲ್ಲದಿದ್ರೆ, ದೂರಕ್ಕೆ ತಕ್ಕಂತೆ 250ರಿಂದ 600 ಯೂರೋ ಪರಿಹಾರ. ಅದು ಪ್ರಯಾಣಿಕನ ಹಕ್ಕು. ಟಿಕೆಟ್ ದುಡ್ಡು ಕಂಪನಿ ಕೊಟ್ಟಿದ್ರೂ ಕಾದವನು ನೀನು ತಾನೇ. ನಮ್ಮ ಲೆಕ್ಕಪತ್ರ ವಿಭಾಗದವರು ಅದನ್ನೂ ಜಮಾ ಮಾಡು ಅಂದಾಗ ಆರು ಮೇಲ್ ಬರೆದು ಉಳಿಸ್ಕೊಂಡೆ.

ಹೊಸಬ_ಬಂದ
ಕೆಲಸಕ್ಕೆ ಸೇರಿ ಏಳು ತಿಂಗಳು. ಎಲ್ಲರೂ ಬೈಕೋತಿದೀರ, ಆದ್ರೆ ನನಗೆ ಇದೇ ಬೇಕು! ಪುಕ್ಕಟೆ ಊರು ನೋಡಬಹುದು, ಲೌಂಜ್, ಹೋಟೆಲ್, ಪಾಯಿಂಟ್ಸ್... ಇದರಲ್ಲಿ ಗೋಳು ಏನಿದೆ?

ಮಧ್ಯದಸೀಟು
ಬಾ ಮಗನೇ ಬಾ.

ಒಂದೇಬ್ಯಾಗು
ಪುಕ್ಕಟೆ ನೋಡೋ ಊರು ಅಂದ್ರೆ ವಿಮಾನ ನಿಲ್ದಾಣ, ಕಾರಿನ ಕಿಟಕಿ, ಕಾನ್ಫರೆನ್ಸ್ ರೂಮು, ಕಾರಿನ ಕಿಟಕಿ, ವಿಮಾನ ನಿಲ್ದಾಣ. ಒಂದೇ ಊರಿಗೆ ಒಂಬತ್ತು ಸಲ ಹೋಗಿದೀನಿ, ಅಲ್ಲಿನ ನದಿ ನೋಡಿದ್ದು ಮೇಲಿಂದ ಮಾತ್ರ.

ಕಿಟಕಿಯೇ_ಬೇಕು
ಅವನನ್ನ ಹೆದರಿಸಬೇಡ್ರಪ್ಪ. ಮೊದಲ ಎರಡು ವರ್ಷ ನನಗೂ ಕುಣಿಯೋ ಹಾಗಿತ್ತು. ಈಗಲೂ ವಿಮಾನ ಮೋಡ ಸೀಳಿ ಮೇಲೆ ಬಂದು ಒಮ್ಮೆಲೇ ಬಿಸಿಲು ಬಿದ್ದಾಗ ಫೋನ್ ಕೆಳಗಿಟ್ಟು ನೋಡ್ತೀನಿ. ಹೋಗು ತಮ್ಮಾ. ವಾಪಸ್ ಟಿಕೆಟ್ ಮಾತ್ರ ಬುಧವಾರ ಸಂಜೆ ಬದಲು ಗುರುವಾರ ಮಧ್ಯಾಹ್ನಕ್ಕೆ ಕೇಳು. ಅರ್ಧ ದಿನ ನಿನ್ನದು. ಹತ್ತು ವರ್ಷದಲ್ಲಿ ನಾನು ನೋಡಿದ್ದೆಲ್ಲ ಅಂಥ ಅರ್ಧ ದಿನಗಳಲ್ಲೇ.

ಮನೆಕಡೆಯವಳು
ನಾನು ಸುತ್ತೋಳಲ್ಲ, ಸುತ್ತೋರನ್ನ ಕಟ್ಕೊಂಡೋಳು. ಗಂಡ ಓದಿ ಅಂತ ಈ ಕೊಂಡಿ ಕಳಿಸಿದ್ರು. ಓದಿದೆ.

ನಿಮಗೆ 23 ಭಾನುವಾರ ಕಾಣುತ್ತೆ. ನನಗೆ ಕಾಣೋದು ಶನಿವಾರಗಳು. ನಮ್ಮವರು ಬೆಳಗಿನ ಜಾವ ಬಂದು ಮಧ್ಯಾಹ್ನದವರೆಗೆ ಮಲಗ್ತಾರೆ, ಎದ್ದು ಮನೆ ಪೂರ್ತಿ ತಪಾಸಣೆ. ಈ ಬಲ್ಬ್ ಯಾಕೆ ಹೋಗಿದೆ, ಮಗು ಯಾಕೆ ಇಷ್ಟೊತ್ತಿಗೆ ಟಿವಿ ನೋಡ್ತಿದೆ, ಡಬ್ಬಿಗಳ ಜಾಗ ಯಾಕೆ ಬದಲಾಗಿದೆ. ಐದು ದಿನ ನಾನೊಬ್ಬಳೇ ನಡೆಸಿದ ಮನೆಗೆ ಅದರದೇ ಒಂದು ಓಟ ಬಂದಿರುತ್ತೆ. ಇವರು ಓಡೋ ಬಸ್ಸಿಗೆ ಹತ್ತಿ ಸ್ಟೇರಿಂಗ್‌ಗೆ ಕೈ ಹಾಕ್ತಾರೆ. ಮಾರನೇ ದಿನ ಮಧ್ಯಾಹ್ನ ಪೆಟ್ಟಿಗೆ ಚಕ್ರದ ಸದ್ದು, ಮುಗೀತು.

ಮಗಳು ಫೋನಲ್ಲಿ ಹಲೋ ಅನ್ನಲ್ಲ. "ಅಪ್ಪಾ, ಅಲ್ಲಿ ಇವತ್ತಾ ನಾಳೆಯಾ?" ಅಂತ ಶುರು ಮಾಡ್ತಾಳೆ.

ಗೇಟ್‌ಬದಲು
ಬಲ್ಬ್ ವಿಷಯ ಓದಿ ಮುಖ ಎಲ್ಲಿಡಬೇಕೋ ಗೊತ್ತಾಗ್ಲಿಲ್ಲ. ಕಳೆದ ಶನಿವಾರ ನಾನೂ ಅದನ್ನೇ ಕೇಳಿದೆ.

ನಿದ್ದೆಗೇಡಿ
ಮಧ್ಯಾಹ್ನದವರೆಗೆ ಮಲಗೋದಕ್ಕೆ ಆ ಮಹಾರಾಯರನ್ನ ಕ್ಷಮಿಸಿ ಅಕ್ಕಾ, ಅದು ಸೋಮಾರಿತನ ಅಲ್ಲ. ನಮ್ಮ ದೇಹದ ಒಳಗಡಿಯಾರ ಸರಾಸರಿ 24 ಗಂಟೆಗಿಂತ ತುಸು ಉದ್ದ. ಅದಕ್ಕೇ ದಿನವನ್ನ ಹಿಗ್ಗಿಸೋದು ಸುಲಭ, ಕುಗ್ಗಿಸೋದು ಕಷ್ಟ. ಪಶ್ಚಿಮಕ್ಕೆ ಹಾರಿದ್ರೆ ದಿನ ಹಿಗ್ಗುತ್ತೆ, ಪೂರ್ವಕ್ಕೆ ಹಾರಿದ್ರೆ ಕುಗ್ಗುತ್ತೆ. ಪೂರ್ವಕ್ಕೆ ಹೋದಾಗ ಗಡಿಯಾರದ ಒಂದೊಂದು ಗಂಟೆ ವ್ಯತ್ಯಾಸಕ್ಕೆ ಸುಮಾರು ಒಂದೊಂದು ದಿನ ಬೇಕು ಹೊಂದ್ಕೊಳ್ಳೋಕೆ. ಆರು ಗಂಟೆ ಅಂತರದ ಕಡೆ ಮೂರೇ ದಿನದ ಕೆಲಸ ಇದ್ರೆ, ಹೊಂದ್ಕೊಳ್ಳೋ ಹೊತ್ತಿಗೆ ವಾಪಸ್ ಬಂದಾಗಿರುತ್ತೆ. ಅಂಥ ಚಿಕ್ಕ ಪ್ರವಾಸದಲ್ಲಿ ನಾನು ಹೊಂದ್ಕೊಳ್ಳೋಕೇ ಹೋಗಲ್ಲ, ಮನೆ ಗಡಿಯಾರದಲ್ಲೇ ಇದ್ದು ಮುಖ್ಯ ಮೀಟಿಂಗನ್ನ ನಾನು ಎಚ್ಚರ ಇರೋ ಹೊತ್ತಿಗೆ ತಳ್ಳಿಸ್ತೀನಿ.

ಇನ್ನೊಂದು ವಿಷಯ. ಹೊಸ ಜಾಗದ ಮೊದಲ ರಾತ್ರಿ ನಿದ್ದೆ ಹಾಳು ಅಂತಾರಲ್ಲ, ಅದು ಬರೀ ಮನಸ್ಸಿನ ಭ್ರಮೆ ಅಲ್ಲ. ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗಲ್ಲ, ಕಾವಲು ಕೂತಿರೋ ಥರ ಸಣ್ಣ ಸದ್ದಿಗೂ ಎಚ್ಚರಗೊಳ್ಳುತ್ತೆ ಅಂತ ಕಂಡುಬಂತು. ನಮಗೆ ವಾರವಾರ ಮೊದಲ ರಾತ್ರಿಯೇ! ಹಾಗಾಗಿ ಪ್ರತಿ ಸಲ ಅದೇ ಹೋಟೆಲು, ಸಾಧ್ಯವಾದ್ರೆ ಅದೇ ಕೋಣೆ, ಲಿಫ್ಟಿನಿಂದ ದೂರ, ಐಸ್ ಯಂತ್ರದಿಂದ ಇನ್ನೂ ದೂರ.

ಮಧ್ಯದಸೀಟು
"ವಾರವಾರ ಮೊದಲ ರಾತ್ರಿ" ಅನ್ನೋದನ್ನ ಮನೆಕಡೆಯವಳು ಅಕ್ಕ ಓದೋ ಮುಂಚೆ ಅಳಿಸಿ ಸಾರ್ 😂

ಮನೆಕಡೆಯವಳು
ಓದಿಯಾಯ್ತು.

ಕಿಟಕಿಯೇ_ಬೇಕು
ಸುಸ್ತಿಗೆ ನಿದ್ದೆ ಒಂದೇ ಕಾರಣ ಅಲ್ಲ. ವಿಮಾನದೊಳಗಿನ ಗಾಳಿ ಹತ್ತು ಸಾವಿರ ಅಡಿ ಬೆಟ್ಟದ ಮೇಲಿನ ಗಾಳಿಯಷ್ಟು ತೆಳು ಇರುತ್ತೆ.

ತಕ್ಕಡಿ
ಹತ್ತಲ್ಲ. ಮಾಮೂಲಿ ಹಾರಾಟದಲ್ಲಿ ಒಳಗಿನ ಗಾಳಿ 8,000 ಅಡಿ ಎತ್ತರದ್ದಕ್ಕಿಂತ ತೆಳು ಆಗಬಾರದು ಅನ್ನೋದು ವಿನ್ಯಾಸದ ನಿಯಮ. ಬೋಯಿಂಗ್ 787, ಏರ್‌ಬಸ್ ಎ350 ಥರದವು 6,000 ಅಡಿ ಮಟ್ಟದಲ್ಲಿ ಇಡ್ತವೆ. ತೇವಾಂಶ ಮಾತ್ರ ಭೀಕರ, ದೂರದ ಹಾರಾಟದಲ್ಲಿ ಶೇ. 20ಕ್ಕಿಂತ ಕೆಳಗೆ ಇಳಿಯೋದು ಮಾಮೂಲು. ಕಣ್ಣು ಉರಿಯೋದು, ಮೂಗು ಒಣಗೋದು ಎಲ್ಲ ಅದರಿಂದ.

ಕಿಟಕಿಯೇ_ಬೇಕು
ಸರಿ, ಎಂಟು. ನಿಮ್ಮ ಹೆಸರು ಸುಮ್ಮನೆ ತಕ್ಕಡಿ ಅಲ್ಲ.

ಹೊಸಬ_ಬಂದ
ಪಾಯಿಂಟ್ಸ್ ಬಗ್ಗೆ ಯಾರೂ ಹೇಳ್ಲೇ ಇಲ್ಲ 🙂

ಒಂದೇಬ್ಯಾಗು
ಹೇಳೋಕೆ ಏನುಳಿದಿದೆ. ಹಾರಿದಷ್ಟೂ ಪಾಯಿಂಟ್ ಸೇರಿ ಪುಕ್ಕಟೆ ಟಿಕೆಟ್ ಸಿಗೋ ಯೋಜನೆನ ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಶುರು ಮಾಡಿದಾಗ ಲೆಕ್ಕ ಸರಳವಾಗಿತ್ತು, ಹಾರಿದ ಮೈಲಿಗೆ ಮೈಲಿ. 2015ರಲ್ಲಿ ಡೆಲ್ಟಾ, ಯುನೈಟೆಡ್ ಎರಡೂ ಖರ್ಚು ಮಾಡಿದ ದುಡ್ಡಿನ ಲೆಕ್ಕಕ್ಕೆ ತಿರುಗಿದ್ವು, ಆಮೇಲೆ ಬೇರೆಯವರೂ ಅದೇ ಹಾದಿ. ಈಗ ಕೊನೇ ಗಳಿಗೆಯಲ್ಲಿ ದುಬಾರಿ ಟಿಕೆಟ್ ಕೊಂಡ ಕಂಪನಿ ನೌಕರನೇ ರಾಜ. ಅಗ್ಗದ ಟಿಕೆಟಲ್ಲಿ ಅಷ್ಟೇ ದೂರ ಹಾರಿದವನಿಗೆ ಚಿಲ್ಲರೆ.

ಟಿಕೆಟ್‌ಮೇಜು
ಅದಕ್ಕೇ ತಾನೇ ಕೆಲವರು "ನೇರ ವಿಮಾನ ಬೇಡ, ನನಗೆ ಅದೇ ಸಂಸ್ಥೆಯದ್ದೇ ಬೇಕು, ಸುತ್ತುಬಳಸಿ ಹೋದ್ರೂ ಪರವಾಗಿಲ್ಲ" ಅನ್ನೋದು. ದುಡ್ಡು ಕಂಪನಿಯದ್ದು, ಪಾಯಿಂಟ್ ಇವರದ್ದು. ಆಮೇಲೆ ಬಂದು ಭಾನುವಾರ ಹೋಯ್ತು ಅಂತ ಅಳೋದು.

ಒಂದೇಬ್ಯಾಗು
ಅಯ್ಯೋ, ಕಳ್ಳನಾದೆ ನಾನು. ಮೂರು ದಿನ ಮನೆ ಬಿಟ್ಟು ಇರೋದಕ್ಕೆ ಸಿಗೋದು ಅದೊಂದೇ. ಅದರಲ್ಲೇ ಕಳೆದ ಸಲ ಅಪ್ಪ ಅಮ್ಮನ್ನ ಮೊದಲ ಸಲ ವಿಮಾನ ಹತ್ತಿಸಿದ್ದು. ಕಂಪನಿ ಬೇಕಾದ್ರೆ ಪಾಯಿಂಟ್ ತಗೊಳ್ಲಿ, ಭಾನುವಾರ ವಾಪಸ್ ಕೊಡ್ಲಿ.

ಟಿಕೆಟ್‌ಮೇಜು
ಕಳ್ಳ ಅಂತ ಅಂದಿಲ್ಲ. ಆ ಸುತ್ತುಬಳಸಿನ ಟಿಕೆಟ್‌ಗೆ ಕಾರಣ ಬರೆಯೋಳು ನಾನು ಅಂದೆ, ಅಷ್ಟೇ.

ಚೀಟಿಶೂರ
ಕಾರಣ ಅಂದ ತಕ್ಷಣ ಖರ್ಚಿನ ವರದಿ ನೆನಪಾಯ್ತು. ನಾಲ್ಕು ತಿಂಗಳು ಪರ್ಸಲ್ಲಿಟ್ಟ ಟ್ಯಾಕ್ಸಿ ರಸೀದಿ ತೆಗೆದ್ರೆ ಬಿಳೀ ಹಾಳೆ. ಅದು ಶಾಯಿ ಅಲ್ಲ ಸ್ವಾಮಿ, ಬಿಸಿಗೆ ಕಪ್ಪಾಗೋ ಲೇಪನ ಇರೋ ಥರ್ಮಲ್ ಕಾಗದ. ಬಿಸಿಲು, ಸೆಖೆ, ಚರ್ಮದ ಪರ್ಸು ಎಲ್ಲ ಸೇರಿ ಅಕ್ಷರ ತಿಂದುಹಾಕುತ್ತೆ. ಕೈಗೆ ಬಂದ ಕ್ಷಣವೇ ಫೋಟೋ ಹೊಡೀರಿ. ನಾನು ಒಂದು ಖಾಲಿ ಚೀಟಿಗೆ "ಇದರಲ್ಲಿ ಬರೆದಿತ್ತು" ಅಂತ ಪ್ರಮಾಣಪತ್ರ ಬರೆದುಕೊಟ್ಟಿದೀನಿ, ಅದನ್ನ ಒಪ್ಪಿಕೊಂಡ ಪುಣ್ಯಾತ್ಮನೂ ಇದ್ದ.

ಮಧ್ಯದಸೀಟು
ಮಧ್ಯೆ ಒಂದು ಪ್ರಶ್ನೆ. ನಾಡಿದ್ದು ಹೊರಡ್ತಿದೀನಿ, 30,000 ಎಂಎಎಚ್ ಪವರ್ ಬ್ಯಾಂಕ್ ಕೊಂಡೆ. ಬಿಡ್ತಾರಾ?

ನಿದ್ದೆಗೇಡಿ
ದೊಡ್ಡ ಬ್ಯಾಗಲ್ಲಿ ಹಾಕೋ ಹಾಗೇ ಇಲ್ಲ, ಕೈಚೀಲದಲ್ಲಿ ಮಾತ್ರ. ಮಿತಿ 100 ವ್ಯಾಟ್-ಅವರ್. 3.7 ವೋಲ್ಟ್ ಲೆಕ್ಕದಲ್ಲಿ 20,000 ಎಂಎಎಚ್ ಅಂದ್ರೆ 74 ವ್ಯಾಟ್-ಅವರ್, ಸಲೀಸು. ನಿಮ್ಮದು 111. 100ರಿಂದ 160ರ ನಡುವಿನದಕ್ಕೆ ವಿಮಾನಯಾನ ಸಂಸ್ಥೆಯ ಅನುಮತಿ ಬೇಕು. ಚೆಕ್ಕಿಂಗ್‌ನಲ್ಲಿ ವಾದ ಮಾಡೋ ಉತ್ಸಾಹ ಇದ್ರೆ ತಗೊಂಡು ಹೋಗಿ.

ಮಧ್ಯದಸೀಟು
ಥೂ. ಹಿಂದಿರುಗಿಸ್ತೀನಿ.

ಚೀಟಿಶೂರ
ಇನ್ನೊಂದು ಎಚ್ಚರಿಕೆ, ಇದು ಗಂಭೀರ. ದಿನ ಎಣಿಸಿ. ನಮ್ಮ ಸಹೋದ್ಯೋಗಿ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಓಡಾಡೋ ಯುರೋಪಿನ ದೇಶಗಳ ಗುಂಪು) ಬಂದ ದಿನ, ಹೋದ ದಿನ ಎರಡನ್ನೂ ಬಿಟ್ಟು ಲೆಕ್ಕ ಹಾಕ್ತಿದ್ದ. ಎರಡೂ ಸೇರುತ್ತೆ. ಯಾವುದೇ 180 ದಿನಗಳ ಅವಧಿಯಲ್ಲಿ ಅಲ್ಲಿ ಇರಬಹುದಾದ್ದು 90 ದಿನ, ಅದೂ ಕಿಟಕಿ ಥರ ದಿನಾ ಮುಂದಕ್ಕೆ ಸರಿಯೋ ಅವಧಿ. 2025ರ ಅಕ್ಟೋಬರ್‌ನಿಂದ ಅಲ್ಲಿ ಮೊಹರಿನ ಬದಲು ಬೆರಳಚ್ಚು, ಮುಖದ ಚಿತ್ರ ಹಿಡಿದು ಕಂಪ್ಯೂಟರ್ ದಾಖಲೆ ಮಾಡೋ ವ್ಯವಸ್ಥೆ ಹಂತಹಂತವಾಗಿ ಶುರುವಾಯ್ತು. ಮಸುಕಾದ ಮೊಹರು ತೋರಿಸಿ ಪಾರಾಗೋ ಕಾಲ ಹೋಯ್ತು. ತೆರಿಗೆಗೆ ಬೇರೆ ಲೆಕ್ಕ, ಹೋದ ದೇಶದಲ್ಲಿ 183 ದಿನ ದಾಟಬಾರದು.

ತಕ್ಕಡಿ
183 ದಾಟದಿದ್ರೆ ತೆರಿಗೆ ಇಲ್ಲ ಅನ್ನೋದು ಅರ್ಧ ಸತ್ಯ. ದೇಶ ದೇಶಗಳ ನಡುವಿನ ಎಷ್ಟೋ ತೆರಿಗೆ ಒಪ್ಪಂದಗಳಲ್ಲಿ ದಿನದ ಜೊತೆ ಇನ್ನೂ ಎರಡು ಷರತ್ತು ಇರುತ್ತೆ: ಸಂಬಳ ಕೊಡೋನು ಆ ದೇಶದವನಾಗಿರಬಾರದು, ಆ ಸಂಬಳ ಅಲ್ಲಿರೋ ಶಾಖೆಯ ಖರ್ಚಿಗೆ ಬೀಳಬಾರದು. ಅಲ್ಲಿನ ಶಾಖೆ ನಿಮ್ಮ ಸಂಬಳದ ಬಿಲ್ ಹೊತ್ತರೆ ಹತ್ತೇ ದಿನಕ್ಕೂ ತೆರಿಗೆ ಬರಬಹುದು.

ಹೊಸಬ_ಬಂದ
ನಾನು ಲೌಂಜ್ ಬಗ್ಗೆ ಕೇಳೋಕೆ ಬಂದಿದ್ದೆ...

ಗೇಟ್‌ಬದಲು
ಎರಡು ವಾರ ಆದ ಮೇಲೆ ಬಂದಿದೀನಿ.

ಟಿಕೆಟ್‌ಮೇಜು ಕೇಳಿದ ಪ್ರಶ್ನೆ ತಲೆಯಲ್ಲಿ ಕೊರೀತಿತ್ತು. ಸೋಮವಾರ 9 ಗಂಟೆ ಅಂದಿದ್ದು ಯಾರು? ಮೇಲಿನವರನ್ನ ಕೇಳಿದೆ, "ಮೊದಲಿಂದ ಹಾಗೇ" ಅಂದ್ರು. ಅವರ ಹಿಂದಿನವರು ಈಗ ಬೇರೆ ಕಡೆ ಇದಾರೆ, ಅವರಿಗೂ ಫೋನ್ ಮಾಡಿದೆ. "ನಾನು ಸೇರಿದಾಗಲೇ ಹಾಗಿತ್ತಪ್ಪ." ಕೊನೆಗೆ ನಾನು ಅತಿ ಹೆಚ್ಚು ಹೋಗೋ ಕಾರ್ಖಾನೆಯ ಮೇಲ್ವಿಚಾರಕಿಯನ್ನೇ ಕೇಳಿದೆ, ಸೋಮವಾರ ಸ್ವಲ್ಪ ತಡವಾಗಿ ಬಂದ್ರೆ ನಿಮಗೆ ತೊಂದರೆಯಾ ಅಂತ.

ಆಕೆ ಒಂದು ನಿಮಿಷ ಸುಮ್ಮನಿದ್ದು ಹೇಳಿದ್ದು: "ಸೋಮವಾರ ಬೆಳಗ್ಗೆ ನಮ್ಮಲ್ಲಿ ಎಲ್ಲರೂ ವಾರದ ಸಭೆಯಲ್ಲಿ ಇರ್ತೀವಿ. 12ರವರೆಗೆ ನಿಮ್ಮನ್ನ ಎಲ್ಲಿ ಕೂರಿಸೋದು ಅನ್ನೋದೇ ನಮಗೆ ತಲೆನೋವು. ನಿಮ್ಮ ಕಂಪನಿಯವರಿಗೆ ಬೇಗ ಬರೋದೇ ಇಷ್ಟ ಅಂದ್ಕೊಂಡಿದ್ವಿ."

ಹನ್ನೊಂದು ವರ್ಷ ನಾನು ವೈಫೈ ಪಾಸ್‌ವರ್ಡ್‌ಗೆ ಕಾಯ್ತಿದ್ದದ್ದು ಯಾಕೆ ಅಂತ ಅರ್ಥ ಆಯ್ತು.

ಮಧ್ಯದಸೀಟು
😶

ಟಿಕೆಟ್‌ಮೇಜು
ಸೋಮವಾರ ಬೆಳಗ್ಗೆ 7:40ರದ್ದು ನೋಡಿ. ರದ್ದಾದ್ರೆ 10ಕ್ಕೆ ಇನ್ನೊಂದು ಇದೆಯಾ ಅಂತ ಮೊದಲು ಖಾತ್ರಿ ಮಾಡ್ಕೊಳ್ಳಿ. ಕಾರಣದ ಕಾಲಮ್‌ನಲ್ಲಿ "ಗಿರಾಕಿಯ ಕೋರಿಕೆ" ಅಂತ ಒತ್ತಿ, ಕೆಂಪು ಪಟ್ಟಿ ಮಾಯ ಆಗುತ್ತೆ.

ಗೇಟ್‌ಬದಲು
ಮೇಲಿನವರು ಆ ಒಂದು ಗಿರಾಕಿಗೆ ಮಾತ್ರ ಒಪ್ಪಿದಾರೆ. ಉಳಿದ ನಾಲ್ಕು ಕಡೆ "ಕೇಳಿ ನೋಡೋಣ" ಅಂದಿದಾರೆ. ಬದಲಿ ರಜೆ ಮಾತ್ರ ಈಗಲೂ ಇಲ್ಲ.

ಷರಾ_ಬರೆಯುವವ
ಆ ನಾಲ್ಕು ಕಡೆ ನೀವೇ ಕೇಳಿ. ಅವರ ಕೈಗೆ ಬಿಟ್ರೆ ಇನ್ನೊಂದು ಹನ್ನೊಂದು ವರ್ಷ.

ಮನೆಕಡೆಯವಳು
ನಮ್ಮವರಿಗೂ ಇವತ್ತೇ ಹೇಳಿದೀನಿ, ಗಿರಾಕಿಗಳಿಗೆ ಫೋನ್ ಮಾಡಿ ಅಂತ. "ಆಯ್ತು, ನೋಡ್ತೀನಿ" ಅಂದ್ರು. ಈಗ ಬಲ್ಬ್ ಬದಲಾಯಿಸ್ತಿದಾರೆ.

ಹೊಸಬ_ಬಂದ
ಸರಿ, ಲೌಂಜ್ ಒಳಗೆ ಹೋಗೋಕೆ ಯಾವ ಕಾರ್ಡ್ ಒಳ್ಳೇದು?

ಒಂದೇಬ್ಯಾಗು
ಹೊಸ ಚರ್ಚೆ ಶುರು ಮಾಡಪ್ಪ. ಇಲ್ಲಿ ತಕ್ಕಡಿ ಸಾಹೇಬರು ಎಚ್ಚರ ಇದಾರೆ.